ಆಯಿಲ್ ಪ್ರೆಶರ್ ಇಳಿದರೆ ಏನು ಮಾಡಬೇಕು? ಎಂಜಿನಿಯರ್ ಸರ್ ಉತ್ತರಿಸುತ್ತಾರೆ

ಟ್ರೇನಿ: ಸರ್, ಸೆಸ್ನಾ 172ಎಸ್ (ಒಂದೇ ಎಂಜಿನ್‌ನ ಸಣ್ಣ ವಿಮಾನ). ಕ್ರೂಸ್‌ನಲ್ಲಿ (ಒಂದೇ ಎತ್ತರದಲ್ಲಿ ಹಾರುವಾಗ) ಆಯಿಲ್ ಪ್ರೆಶರ್ 70 ಪಿಎಸ್‌ಐನಿಂದ (ಒತ್ತಡದ ಅಳತೆ) ನಿಧಾನಕ್ಕೆ 35ಕ್ಕೆ ಬಂತು, ಟೆಂಪರೇಚರ್ ಏರಿತು. ಕೆಂಪು ದೀಪ ಹತ್ತಲಿಲ್ಲ. ಇನ್‌ಸ್ಟ್ರಕ್ಟರ್ ಗೇಜ್ ತಟ್ಟಿ "ಇದರ ಕಥೆ ಇಷ್ಟೇ" ಅಂದರು. 20 ನಿಮಿಷ ಹಾರಿ ವಾಪಸ್ ಬಂದೆವು. ಸರಿನಾ?

ಎಂಜಿನಿಯರ್: ಸರಿ ಅಲ್ಲ. ಆ ದೀಪ ಹತ್ತೋದು 20 ಪಿಎಸ್‌ಐಗಿಂತ ಕೆಳಗೆ ಹೋದಾಗ, ಗೇಜ್‌ನಲ್ಲಿ ಹಸಿರು ಪಟ್ಟಿ, ಅಂದರೆ ಸರಿಯಾದ ಪ್ರೆಶರ್, ಇರೋದು 50ರಿಂದ 90, ಹಾಗಾಗಿ ದೀಪಕ್ಕೆ ಕಾಯ್ದು ಕೂತರೆ ತುಂಬಾ ತಡ ಆಗಿರುತ್ತದೆ. ಪ್ರೆಶರ್ ಮಾತ್ರ ಇಳಿದು ಟೆಂಪರೇಚರ್ ಅಲ್ಲಾಡದಿದ್ದರೆ ಗೇಜೋ, ಪ್ರೆಶರ್ ಮಿತಿಯಲ್ಲಿಡೋ ರಿಲೀಫ್ ವಾಲ್ವೋ ಕೆಟ್ಟಿರಬಹುದು, ಆಗಲೂ ಹತ್ತಿರದ ಏರ್‌ಪೋರ್ಟ್‌ನಲ್ಲಿ ಇಳಿದೇ ನೋಡಬೇಕು. ನಿಮ್ಮದರಲ್ಲಿ ಎರಡೂ ಒಂದೇ ಮಾತು ಹೇಳಿವೆ. ಪವರ್ ಇಳಿಸಿ, ಇಳಿಯೋಕೆ ಜಾಗ ನೋಡಿಕೊಳ್ಳಬೇಕಿತ್ತು. ಇನ್ನೊಂದು, ಎಣ್ಣೆ ಪೂರಾ ಖಾಲಿಯಾದರೆ ಟೆಂಪರೇಚರ್ ಏರಲೇಬೇಕು ಅಂತಿಲ್ಲ, ಅದನ್ನು ಅಳೆಯೋ ಪ್ರೋಬ್‌ಗೆ ತಾಗೋಕೆ ಎಣ್ಣೆಯೇ ಇರಲ್ಲ. ಇಳಿದ ಮೇಲೆ ಡಿಪ್‌ಸ್ಟಿಕ್‌ನಲ್ಲಿ (ಎಣ್ಣೆ ಮಟ್ಟ ನೋಡೋ ಕಡ್ಡಿ) ಎಷ್ಟಿತ್ತು? ಫಿಲ್ಟರ್ ಕತ್ತರಿಸಿ ಲೋಹದ ಚೂರು ನೋಡಿದರಾ?

ಹೊಸಬ: ಸ್ಟಾರ್ಟ್ ಮಾಡಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಸರ್?

ಎಂಜಿನಿಯರ್: 30 ಸೆಕೆಂಡ್. ಪ್ರೆಶರ್ ಬರದಿದ್ದರೆ ಆಫ್.

ಮೈಸೂರಿನವನು: ಫಾರ್ವರ್ಡ್ ಬಂದಿದ್ದು: ಪ್ರೆಶರ್ ಕಡಿಮೆ ಇದ್ದರೆ ದಪ್ಪ ಕಾರ್ ಆಯಿಲ್ ಅರ್ಧ ಲೀಟರ್ ಬೆರೆಸಿ 🙏

ಎಂಜಿನಿಯರ್: ದಯವಿಟ್ಟು ಡಿಲೀಟ್ ಮಾಡಿ. ಕಾರ್ ಆಯಿಲ್‌ನ ಡಿಟರ್ಜೆಂಟ್ ಉರಿದು ಬೂದಿ ಬಿಡುತ್ತದೆ, ಅದು ಸಿಲಿಂಡರ್‌ನಲ್ಲಿ ಕೂತು ಕೆಂಪಗಾಗಿ, ಸ್ಪಾರ್ಕ್‌ಗೆ ಮೊದಲೇ ಇಂಧನ ಹೊತ್ತಿಕೊಳ್ಳುತ್ತದೆ. ಇಂಥದ್ದು ಕಳಿಸೋರು ಒಂದು ಸಲ ಜೊತೆಗೆ ಹತ್ತಿ ಕೂರಲಿ.

ಮೈಸೂರಿನವನು: ಕೇಳಿದ್ದಕ್ಕೆ ಇಷ್ಟು ಸಿಟ್ಟಾ?

ರನ್‌ವೇ ರಾಜ: ನೀನು ಕೇಳಲಿಲ್ಲ, ಹಂಚಿದೆ. ಆದರೂ ಹತ್ತರಲ್ಲಿ ಒಂಬತ್ತು ಸಲ ಗೇಜೇ ಕೆಟ್ಟಿರುತ್ತದೆ.

ಹಳೇ ಹಕ್ಕಿ: ಹತ್ತರಲ್ಲಿ ಒಂಬತ್ತು ಅಂತ ಎಣಿಸಿದ್ದು ಯಾರು? 1983ರಲ್ಲಿ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ನ ಫ್ಲೈಟ್ 855ರವರೂ ಮೂರು ಎಂಜಿನ್‌ಗೂ ಒಟ್ಟಿಗೆ ಹೀಗಾಗಲ್ಲ, ಗೇಜ್‌ದೇ ತಪ್ಪು ಅಂದುಕೊಂಡಿದ್ದರು. ಎಣ್ಣೆಯಲ್ಲಿ ಲೋಹದ ಚೂರು ಹಿಡಿಯೋ ಚಿಪ್ ಡಿಟೆಕ್ಟರ್‌ಗಳಿಗೆ ಓ-ರಿಂಗ್ (ಸೋರದಂತೆ ತಡೆಯೋ ರಬ್ಬರ್ ಬಳೆ) ಹಾಕೋದನ್ನೇ ಮೆಕ್ಯಾನಿಕ್‌ಗಳು ಮರೆತಿದ್ದರು, ಮೂರರಲ್ಲೂ ಎಣ್ಣೆ ಸೋರಿತ್ತು. ಒಂದು ಎಂಜಿನ್ ಮತ್ತೆ ಹತ್ತಿ ಹೇಗೋ ಮಯಾಮಿ ಸೇರಿದರು.

ರನ್‌ವೇ ರಾಜ: ಅದು ಜೆಟ್ ಗುರು.

ಹಳೇ ಹಕ್ಕಿ: ಎಣ್ಣೆಗೆ ಗೊತ್ತಾ ಅದು?

ಹೊಸಬ: ರೋಟ್ಯಾಕ್ಸ್ ಕಂಪನಿಯ ಎಂಜಿನ್‌ಗೂ ಇದೇ ನಂಬರಾ?

ಹೊಸಬ 2: ಸ್ಟಾರ್ಟ್ ಆದ ಮೇಲೆ ಎಷ್ಟು ಹೊತ್ತು ಸರ್?

ಎಂಜಿನಿಯರ್: ಮೇಲೆ ಓದಿ.

ಟ್ರೇನಿ: ಸರ್, ಡಿಪ್‌ಸ್ಟಿಕ್ 4 ಕ್ವಾರ್ಟ್ (ಒಂದು ಕ್ವಾರ್ಟ್ ಅಂದರೆ ಸುಮಾರು ಒಂದು ಲೀಟರ್) ಇತ್ತು. 3 ಕ್ವಾರ್ಟ್ ಹಾಕಿ ಮತ್ತೆ ಬಿಟ್ಟಿದ್ದಾರೆ. ಫಿಲ್ಟರ್ ನೋಡಲಿಲ್ಲ. ನಾಳೆ ಬೆಳಿಗ್ಗೆ ನನ್ನ ಸೋಲೋ (ಒಂಟಿ ಹಾರಾಟ) ಅದರಲ್ಲೇ.

ಎಂಜಿನಿಯರ್: ಹಾರೋಕೆ ಕನಿಷ್ಠ 5 ಇರಬೇಕು. ಹೋದ ಎಣ್ಣೆ ಎಲ್ಲಿ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲವಾ? ಹತ್ತಬೇಡಿ. ನಂಬರ್ ಕಳಿಸಿದ್ದೀನಿ, ಈಗಲೇ ಫೋನ್ ಮಾಡಿ.