ಒಡೆದ ಸಿಎಫ್‌ಎಲ್ ಬಲ್ಬು, ಹಳೆಯ ಬ್ಯಾಟರಿ: ಒಣ ಕಸ ಕೇಂದ್ರಕ್ಕೆ ಒಪ್ಪಿಸುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಳೆಯ ಸಿಎಫ್‌ಎಲ್ ಬಲ್ಬುಗಳು, ಮೊಬೈಲ್ ಬ್ಯಾಟರಿಗಳು, ಅರ್ಧ ಉಳಿದ ಪೇಂಟ್ ಡಬ್ಬಗಳು ಒಂದು ಮೂಲೆಯಲ್ಲಿ ಸೇರಿಕೊಂಡಿವೆ. ಮೊನ್ನೆ ಬಲ್ಬೊಂದು ಒಡೆದಾಗ, ಕಸ ಗುಡಿಸುವ ಅಮ್ಮ ಬರಿಗೈಯಲ್ಲೇ ಚೂರುಗಳನ್ನು ಎತ್ತಿದ್ದನ್ನು ಕಂಡು ಬಹಳ ಕಳವಳವಾಯಿತು. ಇವನ್ನು ಸುರಕ್ಷಿತವಾಗಿ ಒಪ್ಪಿಸುವ ಕ್ರಮವೇನು?

ಉತ್ತರ 1: ಸಿಎಫ್‌ಎಲ್ ಬಲ್ಬಿನೊಳಗೆ ಇರುವುದು ಕೆಲವೇ ಮಿಲಿಗ್ರಾಂ ಪಾದರಸವಾದರೂ, ಒಡೆದೊಡನೆ ಅದು ಆವಿಯಾಗಿ ಗಾಳಿಗೆ ಸೇರುವುದರಿಂದ, ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳುಹಿಸಿ, ಹತ್ತು ಹದಿನೈದು ನಿಮಿಷ ಕಾದ ಬಳಿಕವೇ ಕೈಗವಸು ತೊಟ್ಟು, ಚೂರುಗಳನ್ನು ದಪ್ಪ ರಟ್ಟಿನಿಂದ ಎತ್ತಿ ಬಿಗಿ ಮುಚ್ಚಳದ ಗಾಜಿನ ಜಾಡಿಗೆ ಹಾಕಬೇಕು. ಪೊರಕೆಯಾಗಲಿ ವ್ಯಾಕ್ಯೂಮ್ ಕ್ಲೀನರ್ ಆಗಲಿ ಬೇಡ. ಅವು ಪಾದರಸವನ್ನು ಇನ್ನಷ್ಟು ಹರಡುತ್ತವೆ. ಆ ಅಮ್ಮನಿಗೆ ದಯವಿಟ್ಟು ಇಂದೇ ಕೈಗವಸು ಕೊಡಿಸಿ.

ಉತ್ತರ 2: ಒಣ ಕಸ ಕೇಂದ್ರವೊಂದರಲ್ಲಿ ವಿಂಗಡಣೆಯನ್ನು ನೋಡಿಕೊಳ್ಳುವ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಲಿಥಿಯಂ ಬ್ಯಾಟರಿ. ಕಾಗದ, ಪ್ಲಾಸ್ಟಿಕ್ ರಾಶಿಯ ನಡುವೆ ಅದು ಜಜ್ಜಿಹೋದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಬಹುದು. ಆದ್ದರಿಂದ ಧ್ರುವಗಳಿಗೆ ಟೇಪ್ ಅಂಟಿಸಿ, ಪ್ರತ್ಯೇಕ ಚೀಲದಲ್ಲಿಟ್ಟು, ಸಿಬ್ಬಂದಿಗೆ ಹೇಳಿಯೇ ಕೊಡಿ. ಪೇಂಟ್ ಮೂಲ ಡಬ್ಬದಲ್ಲೇ ಇರಲಿ.

ಉತ್ತರ 3: 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಮನೆಗಳ ಅಪಾಯಕಾರಿ ತ್ಯಾಜ್ಯಕ್ಕಾಗಿ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರವಿರಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದ್ದವು. ನಿಮ್ಮ ಭಾಗದ ಕೇಂದ್ರ ಎಲ್ಲಿದೆಯೆಂದು ವಾರ್ಡ್ ಕಚೇರಿಯನ್ನು ಲಿಖಿತವಾಗಿ ಕೇಳಿ.