ಲಾಲ್‌ಬಾಗ್‌ನಲ್ಲಿ ಕಂಡದ್ದು ಕಾಶ್ಮೀರದ ನೊಣಹಿಡುಕವೇ, ಕೆಂಪುಗಂಟಲಿನ ನೊಣಹಿಡುಕವೇ?

ಪ್ರಶ್ನೆ (ಜಯನಗರದಿಂದ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಹಕ್ಕಿ ನೋಡುವ ಅಭ್ಯಾಸ ಇಟ್ಟುಕೊಂಡಿದ್ದು, ಹೆಚ್ಚಿನ ಭಾನುವಾರಗಳಂದು ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗುತ್ತೇನೆ. ಏಪ್ರಿಲ್ ಮೊದಲ ಭಾನುವಾರ ಬಿದಿರು ಮೆಳೆಯೊಂದರ ಬುಡದಲ್ಲಿ, ಗುಬ್ಬಚ್ಚಿಗಿಂತ ಚಿಕ್ಕದಾದ ಹಕ್ಕಿಯೊಂದು ತಗ್ಗಿನ ಕೊಂಬೆಯಿಂದ ನೆಲಕ್ಕೆ ಹಾರಿ, ಹುಳ ಹಿಡಿದು, ಮತ್ತೆ ಅದೇ ಕೊಂಬೆಗೆ ಮರಳುತ್ತಿತ್ತು. ಕುಳಿತಾಗಲೆಲ್ಲ ಬಾಲವನ್ನು ಚಕ್ಕನೆ ಮೇಲೆತ್ತುತ್ತಿತ್ತು. ಕಪ್ಪು ಬಾಲದ ಬುಡದಲ್ಲಿ ಎರಡೂ ಪಕ್ಕಕ್ಕೆ ಬಿಳಿ ಬಣ್ಣ ಎದ್ದು ಕಾಣುತ್ತಿತ್ತು. ಗಂಟಲು ಮತ್ತು ಎದೆಯ ಮೇಲ್ಭಾಗ ಇಟ್ಟಿಗೆಗೆ ಹತ್ತಿರವಾದ ಕಿತ್ತಳೆ ಬಣ್ಣದ್ದಾಗಿದ್ದವು.

ಮೂರು ಚಿತ್ರ ತೆಗೆದೆ. ಅವುಗಳಲ್ಲಿ ಒಂದರಲ್ಲಿ ಕಿತ್ತಳೆ ಬಣ್ಣದ ಬಲ ಅಂಚಿಗೆ ಕಪ್ಪು ಗೆರೆ ಇರುವಂತೆ ತೋರುತ್ತದೆ. ಪುಸ್ತಕ ತೆರೆದು ನೋಡಿದಾಗ ಅದು ಕಾಶ್ಮೀರದ ನೊಣಹಿಡುಕದ ಲಕ್ಷಣವೆಂದು ತಿಳಿದು, ಆ ಹೆಸರಿನಲ್ಲೇ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದೆ. ಕೂಡಲೇ ಅಪರೂಪದ ದಾಖಲೆ ಎಂಬ ಸೂಚನೆ ಬಂದು, ವಿವರ ಬರೆಯುವಂತೆ ಕೇಳಿತು. ಏನು ಬರೆಯಬೇಕೆಂದು ತೋಚದೆ ಹಾಗೆಯೇ ಬಿಟ್ಟಿದ್ದೇನೆ. ಇದು ಯಾವ ಹಕ್ಕಿ ಎಂದು ಹೇಗೆ ಖಚಿತಪಡಿಸಿಕೊಳ್ಳಬೇಕು? ಹಕ್ಕಿ ಕಂಡ ಜಾಗವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ತಿಳಿಸಬೇಕೆಂದು ಗೆಳೆಯರು ಕೇಳುತ್ತಿದ್ದಾರೆ, ತಿಳಿಸುವುದು ಸರಿಯೇ?

ಉತ್ತರ 1 (ಯಲಹಂಕದಿಂದ)

ಮೊದಲಿಗೆ, ಹೆಸರು ಹೇಳುವುದಕ್ಕಿಂತ ಹಕ್ಕಿಯ ನಡವಳಿಕೆಯನ್ನು ಇಷ್ಟು ಚೆನ್ನಾಗಿ ಬರೆದಿದ್ದೀರಿ ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು. ಆದರೆ ಬಾಲವನ್ನು ಎತ್ತುವುದಾಗಲಿ, ಬಾಲದ ಬುಡದ ಬಿಳಿಯಾಗಲಿ ಇಲ್ಲಿ ನೆರವಾಗುವುದಿಲ್ಲ, ಏಕೆಂದರೆ ಅವು ಎರಡೂ ಹಕ್ಕಿಗಳಲ್ಲಿ ಇವೆ. ಟೈಗಾ ನೊಣಹಿಡುಕ ಎಂಬ ಮೂರನೆಯದರಲ್ಲಿಯೂ ಇವೆ. ಹಾಗಾಗಿ ಎದೆಯನ್ನೇ ನೋಡಬೇಕು.

ಕಾಶ್ಮೀರದ ನೊಣಹಿಡುಕದ ಬೆಳೆದ ಗಂಡಿನಲ್ಲಿ ಕಿತ್ತಳೆ ಗಾಢವಾಗಿದ್ದು, ಗಂಟಲಿನಿಂದ ಎದೆಯನ್ನು ದಾಟಿ ಪಕ್ಕೆಗಳವರೆಗೂ ಹರಡಿರುತ್ತದೆ. ಗಂಟಲು ಮತ್ತು ಎದೆಯ ಎರಡೂ ಬದಿಗೆ ಕಪ್ಪು ಅಂಚು ಇರುತ್ತದೆ. ಕೆಂಪುಗಂಟಲಿನ ನೊಣಹಿಡುಕದಲ್ಲಿ ಕಿತ್ತಳೆ ಗಂಟಲು ಮತ್ತು ಮೇಲೆದೆಗೆ ಸೀಮಿತ. ಅದರ ಕೆನ್ನೆ ಮತ್ತು ಕತ್ತಿನ ಬದಿ ಬೂದು ಬಣ್ಣದವು, ಕೆಳಗೆ ಹೊಟ್ಟೆ ಬಿಳಿಚಿಕೊಂಡಿರುತ್ತದೆ. ಕಪ್ಪು ಅಂಚು ಇದ್ದರೆ ಅದು ಎರಡೂ ಬದಿಗೂ ಇರಲೇಬೇಕು. ಒಂದೇ ಬದಿಗೆ, ಮೂರರಲ್ಲಿ ಒಂದೇ ಚಿತ್ರದಲ್ಲಿ ಕಂಡಿದ್ದರೆ ನಾನು ಮೊದಲು ನೆರಳನ್ನೇ ಅನುಮಾನಿಸುತ್ತೇನೆ. ಬಿದಿರಿನ ಕೆಳಗೆ ಬೆಳಗಿನ ಬೆಳಕು ತುಂಡು ತುಂಡಾಗಿ ಬೀಳುತ್ತದೆ, ಒಂದು ಎಲೆ ಸಾಕು.

ನೀವು ‘ಎದೆಯ ಮೇಲ್ಭಾಗ’ ಎಂದು ಬರೆದಿರುವುದೂ ಕೆಂಪುಗಂಟಲಿನ ಕಡೆಗೇ ವಾಲುತ್ತದೆ. ಅದು ನಮ್ಮ ಊರಿಗೆ ಪ್ರತಿ ಚಳಿಗಾಲ ಬರುವ ಅತಿಥಿ. ಪೂರ್ವ ಯುರೋಪಿನಿಂದ ಆಚೆಗಿನ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲವನ್ನು ಭಾರತದಲ್ಲಿ ಕಳೆಯುತ್ತದೆ. ಮೊದಲ ವರ್ಷದ ಗಂಡುಗಳಿಗೆ ಕಿತ್ತಳೆ ಬಂದಿರುವುದಿಲ್ಲವಾದ್ದರಿಂದ, ನಾವು ಹೆಚ್ಚಾಗಿ ನೋಡುವುದು ಕಂದು ಬಣ್ಣದ ಹಕ್ಕಿಗಳನ್ನೇ. ಬಣ್ಣ ತುಂಬಿದ ಗಂಡು ಎದುರಾದಾಗ ಬೇರೆಯೇ ಹಕ್ಕಿ ಎನಿಸುವುದು ಸಹಜ.

ಹಾಗೆಂದು ನಿಮ್ಮ ಊಹೆ ಅಸಂಭವವೇನಲ್ಲ. ಕಾಶ್ಮೀರದ ನೊಣಹಿಡುಕ ಹಿಮಾಲಯದ ಪೀರ್ ಪಂಜಾಲ್ ಬೆಟ್ಟಸಾಲಿನ ಕಡೆಯ ಕಾಡುಗಳಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ಮುಖ್ಯವಾಗಿ ಶ್ರೀಲಂಕಾದ ಬೆಟ್ಟಗಳಿಗೆ, ಕೆಲವು ನೀಲಗಿರಿಗೆ ಹೋಗುತ್ತವೆ. ಮಾರ್ಚ್-ಏಪ್ರಿಲ್‌ನಲ್ಲಿ ಅಲ್ಲಿಂದ ಉತ್ತರಕ್ಕೆ ಹೊರಟ ಹಕ್ಕಿಗೆ ದಖ್ಖನ್ ಪ್ರಸ್ಥಭೂಮಿ ದಾರಿಯಲ್ಲೇ ಸಿಗುತ್ತದೆ. ಇಂತಹ ಸಣ್ಣ ಹಕ್ಕಿಗಳು ರಾತ್ರಿ ಹಾರಿ, ಬೆಳಕು ಹರಿಯುವ ಹೊತ್ತಿಗೆ ಕೆಳಗೆ ಕಂಡ ಹಸಿರಿಗೆ ಇಳಿಯುತ್ತವೆ. ಸುತ್ತ ಕಟ್ಟಡಗಳೇ ತುಂಬಿರುವಲ್ಲಿ 240 ಎಕರೆಯ ಲಾಲ್‌ಬಾಗ್ ಅವುಗಳಿಗೆ ಎಷ್ಟು ದೊಡ್ಡ ಆಸರೆಯಾಗಿರಬಹುದು, ಯೋಚಿಸಿ. ನವರಂಗ ಎಂಬ ಬಣ್ಣಬಣ್ಣದ ಹಕ್ಕಿಯೂ ಹೀಗೆಯೇ ದಾರಿಯಲ್ಲಿ ನಮ್ಮಲ್ಲಿ ತಂಗುತ್ತದೆ. ಒಮ್ಮೆ ದಣಿದ ನವರಂಗವೊಂದು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೂಲೆಯಲ್ಲಿ ಕುಳಿತಿತ್ತು. ರಟ್ಟಿನ ಡಬ್ಬಿಗೆ ತೂತು ಮಾಡಿ, ಹಳೆಯ ಹತ್ತಿ ಬಟ್ಟೆ ಹಾಸಿ, ಕತ್ತಲಲ್ಲಿಟ್ಟೆವು. ಸಂಜೆ ಮುಚ್ಚಳ ತೆಗೆದಾಗ ಒಂದು ಕ್ಷಣ ನಮ್ಮನ್ನೇ ನೋಡಿ, ಹೊಟ್ಟೆಯಡಿಯ ಕೆಂಪು ತೋರಿಸುತ್ತ ಹೊಂಗೆ ಮರಕ್ಕೆ ಹಾರಿಹೋಯಿತು.

ಉತ್ತರ 2 (ರಾಜರಾಜೇಶ್ವರಿನಗರದಿಂದ)

ಜಾಗ ತಿಳಿಸುವ ವಿಚಾರಕ್ಕೆ ಮಾತ್ರ ಉತ್ತರಿಸುತ್ತೇನೆ. ನನ್ನ ಅಭಿಪ್ರಾಯ ಖಚಿತವಾಗಿದೆ: ಹಕ್ಕಿ ಅಲ್ಲಿರುವಷ್ಟು ದಿನ ತಿಳಿಸಬೇಡಿ. ಕೆಲವು ವರ್ಷಗಳ ಹಿಂದೆ ನಗರದ ಅಂಚಿನ ಕುರುಚಲು ಕಾಡೊಂದರಲ್ಲಿ ಅಪರೂಪದ ಹಕ್ಕಿಯೊಂದನ್ನು ಕಂಡು, ಉತ್ಸಾಹದಲ್ಲಿ ನಾನೇ ಗುಂಪೊಂದಕ್ಕೆ ನಕ್ಷೆಯ ಗುರುತು ಕಳುಹಿಸಿದ್ದೆ. ಮರುದಿನ ಬೆಳಿಗ್ಗೆ ಹೋದಾಗ ಮೂವತ್ತು ಜನ ಕ್ಯಾಮೆರಾ ಹಿಡಿದು ಪೊದೆಯನ್ನು ಸುತ್ತುವರಿದಿದ್ದರು. ಒಬ್ಬರು ಮೊಬೈಲಿನಲ್ಲಿ ಅದೇ ಹಕ್ಕಿಯ ಕೂಗನ್ನು ಮತ್ತೆ ಮತ್ತೆ ಕೇಳಿಸುತ್ತಿದ್ದರು. ಹಕ್ಕಿ ಒಂದು ಹುಳವನ್ನೂ ಹಿಡಿಯಲಾಗದೆ ಪೊದೆಯಿಂದ ಪೊದೆಗೆ ಹಾರಾಡುತ್ತಿದ್ದುದನ್ನು ನೋಡಿ ನನಗೆ ಆದ ಸಂಕಟ ಇಂದಿಗೂ ಹೋಗಿಲ್ಲ.

ವಲಸೆಯ ನಡುವೆ ಇಳಿದ ಹಕ್ಕಿ ಹಾರಾಟದಲ್ಲಿ ಕೊಬ್ಬನ್ನು ಕರಗಿಸಿಕೊಂಡು ಬಂದಿರುತ್ತದೆ. ಮುಂದಿನ ರಾತ್ರಿಗಳ ಪ್ರಯಾಣಕ್ಕೆ ಬೇಕಾದಷ್ಟನ್ನು ಈ ಒಂದೆರಡು ಹಗಲುಗಳಲ್ಲೇ ತಿಂದು ಕೂಡಿಸಿಕೊಳ್ಳಬೇಕು. ಅದರ ಒಂದು ಬೆಳಗನ್ನು ಕಿತ್ತುಕೊಂಡರೆ ಮುಂದಿನ ದಾರಿಗೆ ಬೇಕಾದ ಬುತ್ತಿಯನ್ನೇ ಕಿತ್ತುಕೊಂಡಂತೆ. ಗುರುತಿಸಲು ಸಹಾಯ ಬೇಕಿದ್ದರೆ ಅನುಭವಿಗಳಾದ ಒಬ್ಬಿಬ್ಬರಿಗೆ ಚಿತ್ರ ಕಳುಹಿಸಿ. ಅದಕ್ಕೆ ಜಾಗದ ವಿವರ ಬೇಕಾಗಿಲ್ಲ. ಇ-ಬರ್ಡ್ ಪಟ್ಟಿಯನ್ನು ಹಕ್ಕಿ ಹೊರಟ ಮೇಲೂ ಸೇರಿಸಬಹುದು.

ಉತ್ತರ 3 (ಮಲ್ಲೇಶ್ವರದಿಂದ)

ಅಪರೂಪದ ಸೂಚನೆ ಬಂದದ್ದಕ್ಕೆ ಅಳುಕುವ ಅಗತ್ಯವಿಲ್ಲ. ಆ ಪ್ರದೇಶದಲ್ಲಿ, ಆ ದಿನಾಂಕದಂದು ನಿರೀಕ್ಷಿಸದ ಹಕ್ಕಿಯ ಹೆಸರು ಬಂದಾಗಲೆಲ್ಲ ಅದು ತಾನಾಗಿಯೇ ಬರುತ್ತದೆ. ನಂತರ ಸ್ವಯಂಸೇವಕರು ಪರಿಶೀಲಿಸುತ್ತಾರೆ. ವಿವರದಲ್ಲಿ ‘ಖಂಡಿತ ಅದೇ’ ಎಂದು ಬರೆಯುವ ಬದಲು, ಎಷ್ಟು ದೂರದಿಂದ, ಎಂತಹ ಬೆಳಕಿನಲ್ಲಿ, ಎಷ್ಟು ಹೊತ್ತು ನೋಡಿದಿರಿ, ಕಿತ್ತಳೆ ಎಲ್ಲಿಗೆ ಮುಗಿಯಿತು, ಹೋಲುವ ಇನ್ನೊಂದು ಹಕ್ಕಿಯನ್ನು ಏಕೆ ಕೈಬಿಟ್ಟಿರಿ ಎಂಬುದನ್ನು ಬರೆಯಿರಿ. ಪುಸ್ತಕ ನೋಡುವ ಮೊದಲೇ ಬರೆದ ಟಿಪ್ಪಣಿ ಇದ್ದರೆ ಅದಕ್ಕೆ ಬೆಲೆ ಹೆಚ್ಚು.

ಇದರ ಜೊತೆಗೆ ಒಂದು ವಿನಂತಿ. ಅಪರೂಪದ ಹಕ್ಕಿಯನ್ನು ಎಲ್ಲರೂ ದಾಖಲಿಸುತ್ತಾರೆ. ದಿನವೂ ಕಾಣುವ ವಲಸೆಹಕ್ಕಿ ಕೊನೆಯ ಬಾರಿ ಕಂಡದ್ದು ಯಾವಾಗ ಎಂಬುದನ್ನು ಬರೆದಿಡುವವರು ಕಡಿಮೆ. ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ 2007ರಲ್ಲಿ ಆರಂಭಿಸಿದ ಮೈಗ್ರೆಂಟ್‌ವಾಚ್ ಯೋಜನೆ ಕೇಳುತ್ತಿದ್ದುದು ಇದನ್ನೇ: ವಲಸೆಹಕ್ಕಿಗಳನ್ನು ಮೊದಲು ಕಂಡದ್ದು ಯಾವಾಗ, ಕೊನೆಗೆ ಕಂಡದ್ದು ಯಾವಾಗ. ವಲಸೆ ಬಾತುಗಳು ಮಾರ್ಚ್‌ನಲ್ಲೇ ಕೆರೆಗಳನ್ನು ತೆರವು ಮಾಡುತ್ತವೆ, ಗುಲಾಬಿ ಕಬ್ಬಕ್ಕಿಗಳು ಏಪ್ರಿಲ್‌ನಲ್ಲಿ ಮಧ್ಯ ಏಷ್ಯಾದತ್ತ ಹೊರಡುತ್ತವೆ, ಎಲೆಗಳ ನಡುವೆ ಅಡಗಿಕೊಂಡು ಕೂಗುವ ಹಸಿರು ಉಲಿಯಕ್ಕಿ ಏಪ್ರಿಲ್ ಕೊನೆಯವರೆಗೂ ನಿಲ್ಲುತ್ತದೆ. ನೀವು ಪ್ರತಿ ಭಾನುವಾರ ಒಂದೇ ಜಾಗಕ್ಕೆ ಹೋಗುವವರು. ಒಂದು ಹಕ್ಕಿ ಕಾಣದ ದಿನವೂ, ಕಂಡ ಎಲ್ಲ ಹಕ್ಕಿಗಳ ಪೂರ್ಣ ಪಟ್ಟಿ ಸೇರಿಸಿದರೆ, ಆ ಹಕ್ಕಿ ಯಾವ ವಾರ ಹೊರಟಿತೆಂದು ನಿಮ್ಮ ಪಟ್ಟಿಗಳಿಂದಲೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರೂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ಮಾಡಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎರಡು ಚಿತ್ರಗಳಲ್ಲಿ ಕತ್ತಿನ ಬದಿ ಸ್ಪಷ್ಟವಾಗಿ ಬೂದು ಬಣ್ಣವಾಗಿದೆ, ಕಿತ್ತಳೆ ಮೇಲೆದೆಯಲ್ಲೇ ಮುಗಿಯುತ್ತದೆ. ಮೂರನೆಯದರ ಕಪ್ಪು ಗೆರೆ ಹಕ್ಕಿಯ ಎದೆಯಿಂದ ಕೆಳಗಿಳಿದು ಅದು ಕುಳಿತ ಕೊಂಬೆಯ ಮೇಲೂ ಮುಂದುವರಿದಿದೆ. ಅದು ನೆರಳೇ. ದಾಖಲೆಯನ್ನು ಕೆಂಪುಗಂಟಲಿನ ನೊಣಹಿಡುಕ ಎಂದು ಬದಲಾಯಿಸಿದ್ದೇನೆ, ಜಾಗವನ್ನು ಗುಂಪಿಗೆ ತಿಳಿಸಿಲ್ಲ.

ಈ ಭಾನುವಾರ ಅದೇ ಮೆಳೆಯ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ನೊಣಹಿಡುಕ ಕಾಣಲಿಲ್ಲ. ಆದ್ದರಿಂದ ಅದನ್ನು ಕೊನೆಗೆ ಕಂಡದ್ದು ಹಿಂದಿನ ಭಾನುವಾರವೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಮೇಲಿನ ಮರದಲ್ಲಿ ಹಸಿರು ಉಲಿಯಕ್ಕಿಯ ಕೂಗು ಮಾತ್ರ ನಿಂತಿರಲಿಲ್ಲ. ಮುಂದಿನ ವಾರ ಅದಿದೆಯೋ ಹೊರಟಿದೆಯೋ ನೋಡಿ ಇಲ್ಲಿಯೇ ತಿಳಿಸುತ್ತೇನೆ.