ಚಿನ್ನು ಬರೆದ ಚಿತ್ರಕ್ಕೆ ಮಾವನ ಉತ್ತರ

ಅಕ್ಕ, ಇದನ್ನ ಚಿನ್ನುಗೆ ಕೇಳಿಸು. ತೋಟದಲ್ಲಿದ್ದೇನೆ, ಸಿಗ್ನಲ್ ಹೋಗೋ ಮುಂಚೆ ಹೇಳಿಬಿಡುತ್ತೇನೆ.

ಚಿನ್ನು, ನೀನು ಗ್ರೂಪಿಗೆ ಹಾಕಿದ ಚಿತ್ರ ನೋಡಿದೆ ಕಣೋ. ಹಾರುವ ಡೈನೋಸಾರ್, ಕಾಲಲ್ಲಿ ಮೀನು. ಅಜ್ಜಿ ಗರುಡ ಅಂದರಂತೆ. ಅವರ ತಪ್ಪಲ್ಲ, ನೀನು ಬರೆದಿರೋದೇ ಹಾಗಿದೆ.

ಅದು ಡೈನೋಸಾರೂ ಅಲ್ಲ, ಹಕ್ಕಿಯೂ ಅಲ್ಲ. ಟೆರೊಸಾರ್. ಡೈನೋಸಾರಿನ ದಾಯಾದಿ ಅಂದುಕೋ. ನೀನು ಕೆಳಗೆ ಬರೆದ ಹೆಸರು ಅನ್‌ಹಾಂಗ್ವೆರಾ ಅಲ್ವಾ? ಬ್ರೆಜಿಲ್‌ನ ಅರಾರಿಪೆ ಕಡೆಯದು, ಸುಮಾರು 11 ಕೋಟಿ ವರ್ಷ ಹಳೆಯದು. 1985ರಲ್ಲಿ ಹೆಸರಿಟ್ಟರು. ಅಲ್ಲಿನ ತುಪಿ ಭಾಷೆಯಲ್ಲಿ ಮುದಿ ದೆವ್ವ ಅಂತ.

ಮೊದಲು ಪುಕ್ಕ ಅಳಿಸು. ನಿನ್ನ ಉಂಗುರದ ಬೆರಳು ನೋಡು. ಅದೊಂದೇ ಬೆರಳು ನಿನ್ನಷ್ಟು ಉದ್ದ ಬೆಳೆದು, ಅದರ ತುದಿಯಿಂದ ಮೈವರೆಗೆ ಚರ್ಮ ಎಳೆದು ಕಟ್ಟಿದರೆ ಅದೇ ರೆಕ್ಕೆ. ಕಿರುಬೆರಳು ಇಲ್ಲವೇ ಇಲ್ಲ. ಉಳಿದ ಮೂರು ಬೆರಳು ಗಿಡ್ಡ, ಉಗುರು ಮಾತ್ರ ಚೂಪು. ರೆಕ್ಕೆ ಬಿಚ್ಚಿದರೆ 13–15 ಅಡಿ. ಅದರದೇ ಕುಟುಂಬದ ಟ್ರೋಪಿಯೊಗ್ನಾಥಸ್ 26 ಅಡಿ ದಾಟುತ್ತಿತ್ತು. ನಮ್ಮ ಕಣದಲ್ಲಿ ಕಾಫಿ ಮುಚ್ಚೋ ಟಾರ್ಪಾಲು ಎದ್ದು ಹಾರಿದ ಹಾಗೆ!

ಇನ್ನು ಮೀನು. ಹಿಂಗಾಲು ತೀರಾ ಸಣ್ಣ, ಗರುಡನ ಹಾಗೆ ಕಾಲಲ್ಲಿ ಎತ್ತೋಕೆ ಆಗಲ್ಲ. ಎಲ್ಲಾ ಕೆಲಸ ಬಾಯಿಗೆ. ಉದ್ದ ಮೂತಿ, ತುದಿಯಲ್ಲಿ ದೊಡ್ಡ ಚೂಪು ಹಲ್ಲು, ಒಂದರ ಸಂದಿಯಲ್ಲಿ ಇನ್ನೊಂದು. ಮಳೆಗಾಲದಲ್ಲಿ ಹಳ್ಳಕ್ಕೆ ಇಡುವ ಕೂಣಿ ಗೊತ್ತಲ್ಲ? ಒಳಗೆ ಹೋದ ಮೀನು ವಾಪಸ್ ಬರಲ್ಲ, ಹಂಗೆ. ಲಕ್ಕವಳ್ಳಿ ಹಿನ್ನೀರಲ್ಲಿ ರಿವರ್ ಟರ್ನ್ ಹಕ್ಕಿ ನೋಡಿದ್ವಲ್ಲ, ಸುಯ್ ಅಂತ ಬಂದು ಕೊಕ್ಕಲ್ಲೇ ಮೀನೆತ್ತಿ ಹೋಗುತ್ತಿತ್ತು. ಇದೂ ಹಾರುತ್ತಲೇ ನೀರಿಗೆ ಮೂತಿ ಹಾಕುತ್ತಿತ್ತು ಅಂತ ಊಹೆ. ಮೂತಿಯ ತುದಿಗೆ ಮೇಲೂ ಕೆಳಗೂ ದೋಣಿ ತಳದಂಥ ಏಣು ಇತ್ತು. ಅದನ್ನು ನೀನು ಬರೆದೇ ಇಲ್ಲ. ನೀರು ಸೀಳೋಕೆ ಅಂತ ಕೆಲವರು ಹೇಳುತ್ತಾರೆ. ನನಗೇನೋ ಸುಮ್ನೆ ಶೋಕಿಗೂ ಇದ್ದಿರಬಹುದು ಅನ್ನಿಸುತ್ತೆ, ಕೋಳಿ ಜುಟ್ಟಿನ ಥರ.

ಇದು ನಿನಗೆ ಇಷ್ಟ ಆಗುತ್ತೆ. ಅರಾರಿಪೆಯಲ್ಲೇ ಸಿಕ್ಕ ಒಂದು ಟೆರೊಸಾರಿನ ಕುತ್ತಿಗೆ ಮೂಳೆಯಲ್ಲಿ ಸ್ಪೈನೊಸಾರ್ ಜಾತಿಯ ಡೈನೋಸಾರಿನ ಹಲ್ಲು ಮುರಿದು ಸಿಕ್ಕಿಕೊಂಡಿದೆ. ಡೈನೋಸಾರ್ ಬೇಕೇ ಬೇಕು ಅಂದ್ರೆ ಅದನ್ನು ದಡದಲ್ಲಿ ನಿಲ್ಲಿಸು. ಮೀನನ್ನು ಮಾತ್ರ ಕಾಲಿಂದ ಬಿಡಿಸಿ ಬಾಯಿಗೆ ಹಾಕು. ಸ್ಕೂಲಿಗೆ ಕೊಡೋದು ಸೋಮವಾರ ತಾನೇ, ಟೈಮ್ ಇದೆ.